ನೂರಾ ಎಂಟು ಎಣಿಸುವಷ್ಟು ಹೊತ್ತು

ಕೊರಳಲ್ಲಿ ಲಿಂಗ ಕಟ್ಟಿದ ಶಿವದಾರ ಹಳೆಯದಾಗಿತ್ತು, ಹರಿಯಿತು. ಮರುದಿನ ನಾನು ಆತುರಪಟ್ಟೆ, ಸಾಯುವುದೊಂದು ಬಾಕಿ ಉಳಿಯಿತು. ನಡೆದದ್ದು ಇಷ್ಟೇ. ನಮ್ಮ ಓಣಿಯವರು ಇದನ್ನು ಪವಾಡ ಮಾಡಿ ಹೇಳುತ್ತಾರೆ. ಹಗೇವಿನೊಳಗಿಂದ ದೇವರೇ ನನ್ನನ್ನು ಮೇಲಕ್ಕೆತ್ತಿದನಂತೆ. ಎತ್ತಿದ್ದು ಒಂದು ಹಗ್ಗ, ಅದರ ತುದಿ ಹಿಡಿದಿದ್ದ ಒಬ್ಬ ಕುರುಬರ ಹೆಣ್ಣುಮಗಳು. ಆದರೆ ಆ ಎರಡು ದಿನಗಳಲ್ಲಿ ನನಗೆ ಬಗೆಹರಿಯದ ಒಂದು ಸಂಗತಿ ಇದೆ. ಅದಕ್ಕೇ ಬರೆಯಲು ಕೂತೆ. ನಾನು ಕಲಿತದ್ದು ಎರಡನೇ ಇಯತ್ತೆ. ಅಕ್ಷರ ಮೊಮ್ಮಗಳು ತಿದ್ದಿದ್ದಾಳೆ, ಮಾತು ತಿದ್ದಲು ಬಿಟ್ಟಿಲ್ಲ.

ಹಗೇವು ಅಂದರೆ ನೆಲದೊಳಗಿನ ಜೋಳದ ಕಣಜ. ಗಟ್ಟಿ ಗರಸು ಮಣ್ಣು ಇದ್ದಲ್ಲಿ, ಮನೆಯ ಮುಂದೆಯೋ ಓಣಿಯ ನಡುವೆಯೋ ಅಗೆದಿರುತ್ತಾರೆ. ಬಾಯಿ ಸಣ್ಣದು, ಒಬ್ಬರು ಮೈ ಕುಗ್ಗಿಸಿ ಇಳಿಯುವಷ್ಟು. ಒಳಗೆ ಗಡಿಗೆಯ ಹಾಗೆ ಹೊಟ್ಟೆ ಬಿಟ್ಟಿರುತ್ತದೆ, ಎರಡಾಳು ಆಳ. ಗೋಡೆಗೆ ಕಣಿಕೆ, ಅಂದರೆ ಜೋಳದ ಒಣ ದಂಟು, ಒತ್ತಿ, ಜೋಳ ಸುರಿದು, ಮೇಲೆ ಹೊಟ್ಟು ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಬಡಿದರೆ ಎರಡು ಮೂರು ವರ್ಷ ಜೋಳಕ್ಕೆ ಹುಳ ಹತ್ತುವುದಿಲ್ಲ. ಯಾಕೆಂದರೆ ಒಳಗಿನ ಗಾಳಿ ಕೆಟ್ಟಿರುತ್ತದೆ. ಹುಳ ಬದುಕದಲ್ಲಿ ಮನುಷ್ಯನೂ ಬದುಕುವುದಿಲ್ಲ. ಆದ್ದರಿಂದ ಹಗೇವು ತೆಗೆಯುವುದು ಎಲ್ಲರೂ ಮಾಡುವ ಕೆಲಸವಲ್ಲ.

ನಮ್ಮತ್ತೆ ಮಾಡುತ್ತಿದ್ದಳು. ಅವಳ ಸೊಂಟ ಬಿದ್ದ ಮೇಲೆ ನನಗೆ ಬಂತು. ನಾನು ಕಣಿಕೆಯ ಹಾಗೆ ಒಣಗಿದವಳು, ಎಂಥ ಬಾಯಿಯಲ್ಲಾದರೂ ಇಳಿಯುತ್ತೇನೆ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ನಾಲ್ಕೂ ಸೀಮೆಯ ಹಗೇವು ನನಗೆ ಗೊತ್ತು. ಅತ್ತೆ ಕಲಿಸಿದ ಕ್ರಮ ಹೀಗಿತ್ತು. ಹಿಂದಿನ ಸಂಜೆ ಕಲ್ಲು ಸರಿಸಿ ಬಾಯಿ ತೆರೆದಿಡಬೇಕು. ಬೆಳಿಗ್ಗೆ ಕಂದೀಲು ಹಚ್ಚಿ, ಹಗ್ಗಕ್ಕೆ ಕಟ್ಟಿ, ಜೋಳ ಮುಟ್ಟುವ ತನಕ ಬಿಡಬೇಕು. ಆಮೇಲೆ ಪಕ್ಕದಲ್ಲಿ ಕೂತು, ಕೊರಳಲ್ಲಿನ ಲಿಂಗ ಬಿಚ್ಚಿ ಎಡ ಅಂಗೈಯಲ್ಲಿ ಇಟ್ಟುಕೊಂಡು ನೂರಾ ಎಂಟು ಸಲ ನಮಃ ಶಿವಾಯ ಅನ್ನಬೇಕು. ಮುಗಿದ ಮೇಲೆ ಬಗ್ಗಿ ನೋಡಬೇಕು. ದೀಪ ನಿಚ್ಚಳ ಇದ್ದರೆ ನಡುವಿಗೆ ಹಗ್ಗ ಬಿಗಿದು ಇಳಿ, ಮಂಕಾಗಿದ್ದರೆ ಇಳಿಯಬೇಡ. ಇದರಲ್ಲಿ ಪೂಜೆ ಯಾವುದು, ಕೆಲಸ ಯಾವುದು ಎಂದು ನಾನು ಎಂದೂ ಬಿಡಿಸಿ ನೋಡಿರಲಿಲ್ಲ. ಅತ್ತೆ ಹೇಳಿದಳು, ಮಾಡಿದೆ.

ನಮ್ಮ ಜನದ ದೇವರು ಕೊರಳಲ್ಲೇ ಇರುತ್ತಾನೆ. ಕೂಸಿದ್ದಾಗ ಕಟ್ಟಿದ ಲಿಂಗ ಸಾಯುವ ತನಕ ಮೈಮೇಲೆ ಇರಬೇಕು, ಮಣ್ಣಿಗೂ ಜೊತೆಗೇ ಹೋಗಬೇಕು. ಕಳೆದರೆ ಮತ್ತೆ ಸಿಗುವವರೆಗೆ, ಇಲ್ಲವೇ ಜಂಗಮರಾದ ಅಯ್ಯನವರು ಹೊಸದು ಕಟ್ಟುವವರೆಗೆ, ಅನ್ನ ಮುಟ್ಟುವ ಹಾಗಿಲ್ಲ. ಉಳ್ಳವರು ಬೆಳ್ಳಿಯ ಕರಡಿಗೆಯಲ್ಲಿ ಇಡುತ್ತಾರೆ. ನನ್ನದು ಬಾರಿಹಣ್ಣಿನಷ್ಟು, ಕರಿದು, ಒಂದು ತುಂಡು ಬಟ್ಟೆಯಲ್ಲಿ ಸುತ್ತಿ ದಾರಕ್ಕೆ ಕಟ್ಟಿದ್ದು. ಆ ದಾರ ಎರಡು ಕಡೆ ಸವೆದಿತ್ತು. ಗಂಟು ಹಾಕಿ ನಡೆಸಿದ್ದೆ. ಹೊಸ ದಾರ ಹಾಕಬೇಕು ಎಂದು ಯುಗಾದಿಯಿಂದ ಅಂದುಕೊಳ್ಳುತ್ತಲೇ ಇದ್ದೆ.

ಎಪ್ಪತ್ತೈದನೇ ಇಸವಿಯ ಸುಮಾರು ಇರಬೇಕು. ನಮ್ಮೂರಿಂದ ಒಂದು ಹರದಾರಿ ದೂರ, ಸಿಂದಗಿಯ ದಾರಿಯಲ್ಲಿ ಒಬ್ಬ ಸಾವುಕಾರರ ಮನೆ. ಅವರ ಅಂಗಳದ ಹಗೇವು ಮೂರು ವರ್ಷ ಮುಚ್ಚಿದ್ದು. ಮಳೆಗಾಲಕ್ಕೆ ಮುಂಚೆ ತೆಗೆದು, ಅರ್ಧ ಸಿಂದಗಿ ಪೇಟೆಗೆ ಕಳಿಸಿ, ಅರ್ಧ ಮನೆಗೆ ಇಟ್ಟುಕೊಳ್ಳುವ ಲೆಕ್ಕ ಅವರದು. ಹಗ್ಗ ಹಿಡಿಯಲು ಯಾವತ್ತಿನ ಹಾಗೆ ನಮ್ಮೂರ ಕುರುಬರಾಕಿ ಬಂದಿದ್ದಳು. ನನಗಿಂತ ಇಪ್ಪತ್ತು ವರ್ಷ ಸಣ್ಣವಳು, ಕುರಿಯ ಹಿಂದೆ ಅಲೆದು ತೋಳು ಗಟ್ಟಿ. ಬುಟ್ಟಿ ಎಳೆಯಲು ಸಾವುಕಾರರ ಆಳು ಒಬ್ಬ.

ಮೊದಲ ದಿನ ಎಲ್ಲ ಕ್ರಮದಿಂದ ಆಯಿತು. ದೀಪ ಬಿಟ್ಟೆ, ಕೂತೆ, ಎಣಿಸಿದೆ, ಇಳಿದೆ. ನಡುವಿನ ಜೋಳ ಬಂಗಾರದ ಹಾಗಿತ್ತು. ಗೋಡೆಗೆ ಹತ್ತಿದ್ದು ಮುಗ್ಗಲು ಹಿಡಿದು ಗಡ್ಡೆ ಕಟ್ಟಿತ್ತು. ಒಳ್ಳೆಯದನ್ನು ಬುಟ್ಟಿಗೆ ತುಂಬಿ ಮೇಲೆ ಕಳಿಸುವುದು, ಕೆಟ್ಟದ್ದನ್ನು ಒಂದು ಬದಿಗೆ ಕೆರೆದು ಇಡುವುದು. ಮಧ್ಯಾಹ್ನಕ್ಕೆ ಒಂದು ಚಕ್ಕಡಿ ಚೀಲ ಸಿಂದಗಿಗೆ ಹೊರಟಿತು. ನಾನು ಮೇಲೆ ಬಂದು ರೊಟ್ಟಿ ತಿಂದು ಮತ್ತೆ ಇಳಿದೆ. ಸಂಜೆ ಮೋಡ ಕಟ್ಟಿತು. ಮಳೆ ಒಳಗೆ ಹೋದೀತೆಂದು ಸಾವುಕಾರರು ಬಾಯಿಗೆ ಕಲ್ಲು ಎಳೆಸಿ ಮೇಲೆ ತಾಡಪತ್ರಿ ಹಾಸಿಸಿದರು.

ಕೈಕಾಲು ತೊಳೆಯುವಾಗ ಕೊರಳು ಕೆರೆಯಿತು. ಕೈ ಹಾಕಿದರೆ ಒಂದು ಗೇಣು ದಾರ ಮಾತ್ರ ಬೆವರಿಗೆ ಅಂಟಿಕೊಂಡಿತ್ತು. ಬಟ್ಟೆಯ ಗಂಟು ಇಲ್ಲ.

ನಾನು ಅಳುವವರ ಪೈಕಿ ಅಲ್ಲ. ಕೂತು ಯೋಚಿಸಿದೆ. ಬೆಳಿಗ್ಗೆ ಎಣಿಸುವಾಗ ಅಂಗೈಯಲ್ಲಿತ್ತು. ಮಧ್ಯಾಹ್ನ ಊಟಕ್ಕೆ ಮುಂಚೆ ಕಣ್ಣಿಗೆ ಒತ್ತಿಕೊಳ್ಳಬೇಕಿತ್ತು, ಒತ್ತಿಕೊಂಡೆನೇ? ಇಲ್ಲ. ಕೈಗೆ ಮುಗ್ಗಲು ಮೆತ್ತಿತ್ತು, ಹಸಿವಾಗಿತ್ತು, ಹಾಗೇ ಉಂಡೆ. ಅಂದರೆ ಯಾವಾಗ ಬಿತ್ತು ಎಂದು ಹೇಳುವ ಹಾಗಿಲ್ಲ. ಹಗೇವಿನೊಳಗೆ ಇದ್ದೀತು, ಅಂಗಳದ ಚೀಲಗಳಲ್ಲಿ ಇದ್ದೀತು, ಸಿಂದಗಿಗೆ ಹೋದ ಚಕ್ಕಡಿಯಲ್ಲೂ ಇದ್ದೀತು. ಊಟಕ್ಕೆ ಮುಂಚೆಯೇ ಬಿದ್ದಿದ್ದರೆ, ಅವನಿಲ್ಲದೆ ಉಂಡ ರೊಟ್ಟಿ ಯಾವತ್ತಿನ ಹಾಗೇ ಒಳಗೆ ಇಳಿದಿತ್ತಲ್ಲ, ಇದು ಹೇಗೆ ಎಂದು ಆಗಲೇ ಮನಸ್ಸಿನಲ್ಲಿ ಒಂದು ಮುಳ್ಳು ಮುರಿಯಿತು.

ಬೆಳಕಿರುವ ತನಕ ಅಂಗಳದ ಚೀಲ ಬಿಚ್ಚಿ ಸಾಣಿಗೆಯಲ್ಲಿ ಜರಡಿ ಹಿಡಿದೆವು. ನಾನು ಸಾಣಿಸುವುದು, ಕುರುಬರಾಕಿ ಸುರಿಯುವುದು. ಸಾವುಕಾರರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ಆಯಿ, ನಿನ್ನ ದೇವರ ಸಲುವಾಗಿ ನನ್ನ ಜ್ವಾಳಾ ಎಷ್ಟ ಸಲ ಸಾಣಿಸ್ತಿ?"

"ಸಾಣಿಸಿದ್ರ ಜ್ವಾಳಾ ಕಡಿಮಿ ಆಗೂದಿಲ್ರಿ ಸಾವ್ಕಾರ್ರ. ಹಳ್ಳ ಕಲ್ಲ ಹೋಗ್ತಾವ, ನಿಮಗ ಚಲೋನ ಆಗ್ತೈತಿ."

ಅವರು ನಕ್ಕರು. ಆದರೆ ಮರುದಿನ ಸಂಜೆಯೊಳಗೆ ಹಗೇವು ಖಾಲಿಯಾಗಬೇಕು, ಮಳೆ ಕಾಯುವುದಿಲ್ಲ ಎಂದೂ ಹೇಳಿದರು. ಆವತ್ತು ಏನೂ ಸಿಗಲಿಲ್ಲ. ಊರಿಗೆ ನಡೆದು ಬಂದು ಉಣ್ಣದೆ ಮಲಗಿದೆ. ನೀರು ಕುಡಿದೆ. ಅದೂ ತಪ್ಪು ಎನ್ನುವವರಿದ್ದಾರೆ. ಬೇಸಿಗೆ ಕಾಲ, ಕುಡಿದೆ, ಕುಡಿದಿಲ್ಲ ಎಂದು ಬರೆಯಲಾರೆ.

ಮರುದಿನ ಹೊತ್ತು ಮೂಡುವುದರೊಳಗೆ ಹಗೇವಿನ ಹತ್ತಿರ ಇದ್ದೆವು. ಮಳೆ ಬಂದಿರಲಿಲ್ಲ. ಕಲ್ಲು ಸರಿಸಿದೆವು. ನಾನು ನಡುವಿಗೆ ಹಗ್ಗ ಬಿಗಿದೆ, ಕಂದೀಲು ಬಿಟ್ಟೆ, ಬಗ್ಗಿ ನೋಡಿದೆ. ನಿಚ್ಚಳ ಉರಿಯುತ್ತಿತ್ತು. ದಿನದ ಹಾಗೆ ಇಲ್ಲಿ ಕೂತು ಎಣಿಸಬೇಕಿತ್ತು. ಎಣಿಸಲಿಕ್ಕೆ ಕೈಯಲ್ಲಿ ಏನಿದೆ? ಏನೂ ಇಲ್ಲದೆ ಯಾರ ಮುಂದೆ ಕೂಡಲಿ? ಅವನು ಒಳಗೇ ಇದ್ದಾನೆ, ಮೊದಲು ಹುಡುಕೋಣ, ಆಮೇಲೆ ಎಣಿಸಿದರಾಯಿತು ಎಂದು ಹಗ್ಗ ಹಿಡಿಯುವವಳಿಗೂ ಹೇಳದೆ ಕಾಲು ಇಳಿಬಿಟ್ಟು ಜೋಳದ ಮೇಲೆ ಜಾರಿದೆ.

ಇದು ತಪ್ಪು. ರಾತ್ರಿಯೆಲ್ಲ ಕಲ್ಲು ಮುಚ್ಚಿದ್ದ ಹಗೇವು, ಒಳಗೆ ಮುಗ್ಗಲು ಜೋಳ. ಗಾಳಿ ಮತ್ತೆ ಕೆಟ್ಟಿರುತ್ತದೆ ಎಂದು ನನ್ನಷ್ಟು ಗೊತ್ತಿರುವವರು ಆ ಸೀಮೆಯಲ್ಲಿ ಮತ್ತೊಬ್ಬರಿರಲಿಲ್ಲ.

ಇಳಿದು ಮೊಣಕಾಲೂರಿ ಕೆಟ್ಟ ಜೋಳದ ಗುಡ್ಡೆಗೆ ಕೈ ಹಾಕಿದೆ. ಹಣೆ ಬಿಗಿಯಿತು. ಹೊಟ್ಟೆ ಖಾಲಿ, ಅದಕ್ಕೇ ಎಂದುಕೊಂಡೆ. ಉಸಿರು ಜೋರಾಯಿತು, ಓಡಿ ಬಂದವಳ ಹಾಗೆ. ಕಂದೀಲು ಕೆಂಪಗೆ ಕಂಡಿತು. ಮೇಲಿನಿಂದ ಆಯಿ, ಆಯಿ ಎಂದು ಯಾರೋ ಕರೆದರು. ಓ ಅನ್ನಬೇಕು ಎಂದು ಗೊತ್ತಿತ್ತು, ದನಿ ಬರಲಿಲ್ಲ. ಆಮೇಲೆ ನೆನಪಿರುವುದು ಹೆಗಲು ಹಗೇವಿನ ಬಾಯಿಯ ಕಲ್ಲಿಗೆ ಉಜ್ಜಿದ ಉರಿ.

ಬೇವಿನ ಗಿಡದ ಕೆಳಗೆ ಮಲಗಿಸಿ ನೀರು ಚಿಮುಕಿಸಿದ್ದರು. ಕುರುಬರಾಕಿಯ ಎರಡೂ ಅಂಗೈ ಹಗ್ಗಕ್ಕೆ ಸುಲಿದಿದ್ದವು. ನಿನಗೆ ಹೇಗೆ ತಿಳಿಯಿತು ಎಂದು ಕೇಳಿದೆ.

"ದಿನಾ ನೀ ಎಣಸಾಕ ಕುಂತಾಗ ನಾ ಎಲಿ ಹಾಕ್ಕೊಂತೇನಿ. ನೀ ಏಳೂದಕ್ಕೂ ನಾ ಉಗಳೂದಕ್ಕೂ ಸರಿ ಹೊಂದತೈತಿ. ಇವತ್ತ ನಾ ಎಲಿಗೆ ಸುಣ್ಣಾ ಹಚ್ಚಾಕತ್ತಿದ್ದೆ, ನೋಡಿದ್ರ ನೀ ಒಳಗ ಇದ್ದಿ. ಎಲಿ ಒಗದು ಹಗ್ಗಾ ಹಿಡದೆ. ಕರದ್ರ ಓ ಅನ್ನಲಿಲ್ಲ. ಎಳದೆ." ಸುಲಿದ ಅಂಗೈ ನೀರಲ್ಲಿ ಅದ್ದಿ, "ಎಲಿ ಸುಮ್ಮನ ಹಾಳಾತು," ಅಂದಳು.

ಆ ಊರಿನ ಅಯ್ಯನವರನ್ನು ಸಾವುಕಾರರು ಕರೆಸಿದ್ದರು. ವಯಸ್ಸಾದವರು, ನೆಟ್ಟಗೆ ಮಾತಾಡುವವರು. ಒಂದು ಹೊಸ ಲಿಂಗ ಬಟ್ಟೆಯಲ್ಲಿ ಕಟ್ಟಿಕೊಂಡೇ ಬಂದಿದ್ದರು. ಈಗಲೇ ಕಟ್ಟುತ್ತೇನೆ, ಎರಡು ರೊಟ್ಟಿ ತಿಂದು ಮನೆಗೆ ಹೋಗು ಅಂದರು.

"ಇಂವ ಅವನ ಏನ್ರಿ ಅಯ್ಯಾರ, ಬ್ಯಾರೆದಾಂವ?" ಎಂದು ಕೇಳಿದೆ.

"ಅಂವನ, ತಾಯಿ. ಎಲ್ಲಾ ಒಂದ."

"ಒಂದ ಇದ್ರ ಕಳದಾಂವ ಯಾರ್ರಿ? ನಾ ಯಾತಕ್ಕ ಉಪಾಸ ಬಿದ್ದೇನಿ?"

ಅಯ್ಯನವರು ಸಿಟ್ಟಾಗಲಿಲ್ಲ. "ಅಂವ ಕಳದಿಲ್ಲವ್ವಾ. ದಾರ ಹರದಿದ್ದು ದಿನಾಪೂರ್ತಿ ನಿನಗ ಗೊತ್ತ ಆಗ್ಲಿಲ್ಲಲ್ಲ, ಉಪಾಸ ಅದಕ್ಕ."

ಮಧ್ಯಾಹ್ನದ ರೊಟ್ಟಿಯ ಸಂಗತಿ ನಾನು ಯಾರಿಗೂ ಹೇಳಿರಲಿಲ್ಲ. ಮಾತು ನೇರ ಅಲ್ಲಿಗೇ ಹೋಗಿ ಕೂತಿತು. ಐವತ್ತು ವರ್ಷ ಕೊರಳಲ್ಲಿ ಹೊತ್ತವಳು ಬಿದ್ದದ್ದು ಅರಿಯಲಿಲ್ಲ. ಕಾಲಲ್ಲಿನ ಕಾಲುಂಗುರ ಸಡಿಲವಾದರೆ ನನಗೆ ತಿಳಿಯುತ್ತದೆ. ಅವನು ಬಿದ್ದದ್ದು ತಿಳಿಯಲಿಲ್ಲ. ಅಂದರೆ ನಾನು ಹೊತ್ತದ್ದು ಏನನ್ನು?

ಸಂಜೆ ಕಟ್ಟಿಸಿಕೊಳ್ಳುತ್ತೇನೆ, ಹಗೇವು ಮುಗಿಯಲಿ ಅಂದೆ. ಸಾವುಕಾರರು ಬೇಡ ಅಂದರು, ಬೇರೆಯವರನ್ನು ಇಳಿಸುತ್ತೇನೆ ಅಂದರು. ಬೇರೆ ಯಾರಿದ್ದಾರೆ ಎಂದು ಕೇಳಿದೆ. ಆಳು ಮುಖ ತಿರುಗಿಸಿದ. ತಲೆಯ ತಿರುಗು ನಿಂತ ಮೇಲೆ ಎದ್ದೆ.

ಈ ಸಲ ಕ್ರಮ ತಪ್ಪಿಸಬಾರದು ಎಂದು ಗಟ್ಟಿ ಮಾಡಿಕೊಂಡೆ. ಕಂದೀಲು ಬಿಟ್ಟೆ. ಪಕ್ಕದಲ್ಲಿ ಕೂತೆ. ಎಡಗೈ ಮುಂದೆ ಹಿಡಿದೆ. ಖಾಲಿ ಅಂಗೈ. ನಾಚಿಕೆಯಾಯಿತು, ಬೇಡಲು ಕೂತವಳ ಹಾಗೆ.

ಕುರುಬರಾಕಿ ಹೊಸ ಎಲೆ ತೆಗೆದಿದ್ದಳು. "ಕೈಯಾಗ ಯಾರೂ ಇಲ್ಲಲ್ಲ ಆಯಿ, ಯಾರಿಗೆ ಎಣಸ್ತಿ?"

"ನೀ ಎಲಿ ಹಾಕ್ಕೋ," ಅಂದೆ.

ಎಣಿಸಿದೆ. ಕಣ್ಣು ಮಾತ್ರ ದೀಪದ ಮೇಲೆ ಇತ್ತು. ಮೂವತ್ತು, ನಲವತ್ತಕ್ಕೆ ದೀಪ ನಿಚ್ಚಳ. ಎಪ್ಪತ್ತರ ಹತ್ತಿರ ಕೆಂಪಾಯಿತು. ಎಂಬತ್ತು ದಾಟುವಾಗ ಕುಡಿ ಸಣ್ಣದಾಗಿ ಆರಿತು. ಬೆಳಿಗ್ಗೆ ನಾನು ನೋಡಿದ್ದು ಮೊದಲ ಐದು ಎಣಿಕೆಯ ಬೆಳಕು.

ಹೊರಗಿನಿಂದ ಹೋದ ದೀಪ ತನ್ನ ಜೊತೆ ಒಂದಿಷ್ಟು ಒಳ್ಳೆಯ ಗಾಳಿ ಒಯ್ದಿರುತ್ತದೆ, ಅದು ತೀರುವ ತನಕ ಸುಳ್ಳು ಹೇಳುತ್ತದೆ. ನಿಜ ಹೇಳಲು ಅದಕ್ಕೆ ಹೊತ್ತು ಬೇಕು. ಆ ಹೊತ್ತು ನೂರಾ ಎಂಟರೊಳಗೆ ಇತ್ತು. ಇಷ್ಟು ವರ್ಷ ನಾನು ದೇವರ ಲೆಕ್ಕ ಒಪ್ಪಿಸುತ್ತಿದ್ದೇನೆ ಎಂದುಕೊಂಡು ಕೂತಿದ್ದೆ, ಕೂತದ್ದಕ್ಕೇ ಬದುಕಿದ್ದೆ. ಅತ್ತೆಗೆ ಇದು ತಿಳಿದಿತ್ತೇ? ತಿಳಿದಿದ್ದರೆ ಯಾಕೆ ಹೇಳಲಿಲ್ಲ? ತಿಳಿಯದಿದ್ದರೆ ನೂರಾ ಎಂಟೇ ಯಾಕೆ? ಅವಳು ಸತ್ತು ಹನ್ನೆರಡು ವರ್ಷವಾಗಿತ್ತು, ಕೇಳಲು ಬರುವುದಿಲ್ಲ. ಅಲ್ಲೇ ಇದ್ದ ಅಯ್ಯನವರನ್ನು ಕೇಳಿದೆ. ಅವರು, ಆ ಬುದ್ಧಿ ನಿಮ್ಮತ್ತೆಗೆ ಕೊಟ್ಟವನು ಯಾರು ಎಂದು ನನ್ನನ್ನೇ ಕೇಳಿದರು. ಅವಳ ಅತ್ತೆ ಅಂದೆ. ಆದರೆ ಆ ಅತ್ತೆಯ ಅತ್ತೆ, ಅವಳ ಅತ್ತೆ ಎಂದು ಹಿಂದೆ ಹಿಂದೆ ಹೋದರೆ ಕೊನೆಗೆ ಯಾರೋ ಒಬ್ಬರು ಮೊದಲು ಕೂತಿರಬೇಕಲ್ಲ. ಅವರಿಗೆ ಕೂಡು ಎಂದವರು ಯಾರು ಎಂದು ಈಗಲೂ ಯೋಚಿಸುತ್ತೇನೆ.

ಕೆಟ್ಟ ಗಾಳಿ ಹೊರಗೆ ಎಳೆಯಲು ಕುರುಬರಾಕಿ ತನ್ನ ಕಂಬಳಿ ಬಿಚ್ಚಿ ಕೊಟ್ಟಳು. ಅದನ್ನು ಬುಟ್ಟಿಗೆ ಹರವಿ ಹೊಲಿದು, ಹಗ್ಗ ಕಟ್ಟಿ, ಹಗೇವಿನೊಳಗೆ ಬಿಡುವುದು, ಜಗ್ಗಿ ಎಳೆಯುವುದು. ಹೋಗುವಾಗ ಗಾಳಿ ನೂಕುತ್ತದೆ, ಬರುವಾಗ ಸೆಳೆಯುತ್ತದೆ. ಆಳೂ, ಸುಲಿದ ಕೈಗೆ ಸೆರಗು ಸುತ್ತಿಕೊಂಡು ಅವಳೂ, ಸರದಿಯ ಮೇಲೆ ಬಿಸಿಲೇರುವ ತನಕ ಎಳೆದರು. ಮೇಲೆ ಬಂದ ಗಾಳಿ ಹುಳಿತ ಹಿಟ್ಟಿನ ಹಾಗೆ ನಾರುತ್ತಿತ್ತು. ವಾಸನೆ ತೆಳುವಾದ ಮೇಲೆ ಮತ್ತೆ ದೀಪ ಬಿಟ್ಟೆ, ಮತ್ತೆ ಕೂತೆ.

ಈ ಸಲ ದೀಪ ನೋಡುವ ಕೆಲಸ ಆಳಿಗೆ ಕೊಟ್ಟು ಕಣ್ಣು ಮುಚ್ಚಿದೆ. ಅರ್ಧ ಎಣಿಸುವುದರೊಳಗೆ ನನ್ನ ಬೆರಳು ತಾವೇ ಒಳಕ್ಕೆ ಬಾಗಿದ್ದವು, ಏನನ್ನೋ ಹಿಡಿದ ಹಾಗೆ. ಅಂಗೈಯಲ್ಲಿ ತೂಕ ಇತ್ತು ಎಂದರೆ ಸುಳ್ಳಾಗುತ್ತದೆ. ತೂಕ ಇರಲಿಲ್ಲ. ಆದರೆ ಕೂತವಳು ನಾನೊಬ್ಬಳೇ ಎಂದೂ ಅನ್ನಿಸಲಿಲ್ಲ. ಹಸಿವು ಅದಕ್ಕೆ ಕಾರಣ ಇದ್ದೀತು. ಬೆಳಗಿನ ಕೆಟ್ಟ ಗಾಳಿ ಇನ್ನೂ ತಲೆಯಲ್ಲಿ ಇದ್ದೀತು. ಎರಡನ್ನೂ ತೂಗಿ ನೋಡಿದ್ದೇನೆ, ಆದರೂ ಸ್ವಲ್ಪ ಉಳಿಯುತ್ತದೆ. ಐವತ್ತು ವರ್ಷದಲ್ಲಿ ಅವನ ಹೆಸರು ಎಣಿಸಿದ್ದೆನೇ ಹೊರತು ಅವನ ಜೊತೆ ಒಂದು ಮಾತು ಆಡಿರಲಿಲ್ಲ. ಆವತ್ತು ಎಣಿಕೆಯ ನಡುವೆ ನಿಲ್ಲಿಸಿ, ಎಲ್ಲಿ ಇದ್ದೀಯಪ್ಪಾ ಎಂದು ಮನಸ್ಸಿನಲ್ಲೇ ಕೇಳಿದೆ. ಉತ್ತರ ಬರಲಿಲ್ಲ. ಕೇಳಬಾರದ್ದು ಕೇಳಿದೆ ಎಂದೂ ಅನ್ನಿಸಲಿಲ್ಲ. ಮತ್ತೆ ಎಣಿಸಿ ನೂರಾ ಎಂಟು ಮುಗಿಸಿದೆ.

ದೀಪ ನಿಚ್ಚಳ ಇದೆ ಎಂದು ಆಳು ಹೇಳಿದ. ಅವಳು ಎಲೆ ಉಗುಳಿದಳು. ನಾನು ಇಳಿದೆ.

ಹೊತ್ತು ಇಳಿಯುವ ತನಕ ನೆಲದ ಗರಸು ಕಾಣುವ ಹಾಗೆ ಬಳಿದೆ. ಒಂದೊಂದು ಬುಟ್ಟಿಯನ್ನೂ ಮೇಲೆ ಸಾಣಿಗೆಯಲ್ಲಿ ಹಾಯಿಸಿದರು. ಗೋಡೆಯ ಕಣಿಕೆ ಕಿತ್ತು ಜಾಡಿಸಿದೆ. ಸಿಕ್ಕಿದ್ದು ಒಂದು ತುಂಡು ದಾರ, ನನ್ನ ಕೊರಳಲ್ಲಿದ್ದದ್ದರ ಇನ್ನರ್ಧ, ಮೇಲಿನ ಕಣಿಕೆಯಲ್ಲಿ, ನಿನ್ನೆ ಬೆಳಿಗ್ಗೆ ಜೋಳ ಅಷ್ಟೆತ್ತರ ಇದ್ದಾಗ ನಾನು ನಿಂತು ಬುಟ್ಟಿ ತುಂಬಿದ ಜಾಗದಲ್ಲಿ. ಅಂದರೆ ಬಿದ್ದದ್ದು ಊಟಕ್ಕೂ ಮುಂಚೆ. ಮೊದಮೊದಲ ಬುಟ್ಟಿಗಳ ಜೊತೆ ಮೇಲೆ ಹೋಗಿ, ಚೀಲದೊಳಗೆ ಬಿದ್ದು, ಮಧ್ಯಾಹ್ನದ ಚಕ್ಕಡಿಯಲ್ಲಿ ಸಿಂದಗಿಗೆ ಹೋಗಿದೆ.

ಚಕ್ಕಡಿ ಹೊಡೆದವನನ್ನು ಸಾವುಕಾರರು ಕರೆಸಿ ಕೇಳಿದರು. ದಲಾಲರ ಅಡತಿ ಅಂಗಡಿಯಲ್ಲಿ ಚೀಲ ಸುರಿದು ಬೇರೆಯವರ ಜೋಳದ ಜೊತೆ ರಾಶಿ ಮಾಡಿದ್ದರಂತೆ. ಸಾವುಕಾರರಿಗೆ ಪಾಪ ಅನ್ನಿಸಿತು, ಬೇಕಾದರೆ ಚಕ್ಕಡಿ ಕೊಡುತ್ತೇನೆ ಅಂದರು.

"ಹೋಗೂಣೇನ ಆಯಿ?" ಎಂದು ಕುರುಬರಾಕಿ ಕೇಳಿದಳು. ಅವಳ ಅಂಗೈಗೆ ಅರಿಷಿಣ ಮೆತ್ತಿ ಬಟ್ಟೆ ಸುತ್ತಿದ್ದರು. ಆ ಕೈಯಲ್ಲೂ ಬರುತ್ತಿದ್ದಳು.

ಬೆಳಿಗ್ಗೆ ಆಗಿದ್ದರೆ ಓಡುತ್ತಿದ್ದೆ. ಈಗ ಕಾಲು ಏಳಲಿಲ್ಲ. ದಣಿವು ಇತ್ತು, ಸುಳ್ಳಲ್ಲ. ಆದರೆ ಖಾಲಿ ಕೈ ಹಿಡಿದು ಕೂತದ್ದು ನೆನಪಿತ್ತು. ಅಲ್ಲಿ ಜೊತೆಗಿದ್ದದ್ದು ಏನೇ ಇರಲಿ, ಅದು ಸಿಂದಗಿಯಿಂದ ಬಂದದ್ದಲ್ಲ. ಬೇಡ ಅಂದೆ. ರಾಶಿಯಲ್ಲಿ ಯಾರಿಗಾದರೂ ಸಿಕ್ಕರೆ ಅಲ್ಲಿನ ಯಾವ ಅಯ್ಯನವರ ಕೈಗಾದರೂ ಕೊಡಲಿ ಎಂದು ಅಂಗಡಿಗೆ ಹೇಳಿ ಕಳಿಸಿದೆವು. ಯಾರೂ ತಂದು ಕೊಟ್ಟ ಸುದ್ದಿ ಬರಲಿಲ್ಲ.

ಸಂಜೆ ಸ್ನಾನ ಮಾಡಿ, ಸಾವುಕಾರರ ಪಡಸಾಲೆಯಲ್ಲಿ ಅಯ್ಯನವರ ಮುಂದೆ ಕೂತು ಹೊಸ ಲಿಂಗ ಕಟ್ಟಿಸಿಕೊಂಡೆ. ದಾರ ನಾನೇ ಆರಿಸಿದೆ, ಆರೆಳೆಯದು. ಅಲ್ಲೇ ಎರಡು ರೊಟ್ಟಿ, ಪುಂಡಿಪಲ್ಲೆ ಉಂಡೆ. ಉಣ್ಣುವ ಮುಂಚೆ ಕಣ್ಣಿಗೆ ಒತ್ತಿಕೊಂಡೆ. ಹೊಸದು ತಣ್ಣಗಿತ್ತು, ನುಣುಪಾಗಿತ್ತು, ಇನ್ನೂ ಯಾರ ಮೈ ವಾಸನೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಮೈ ತೊಳೆದುಕೊಂಡು, ಮನೆಯ ಮೂಲೆಯಲ್ಲಿ ಕೂತು ಅವನನ್ನು ಅಂಗೈಯಲ್ಲಿ ಇಟ್ಟುಕೊಂಡೆ. ವಿಭೂತಿ ಹಚ್ಚಿದೆ. ಎಣಿಸಲು ಶುರು ಮಾಡಲಿಲ್ಲ. ಇವನು ಹೊಸಬ, ನನ್ನ ಕೆಲಸ ಗೊತ್ತಿರಲಿಕ್ಕಿಲ್ಲ ಅನ್ನಿಸಿತು. ಹಗೇವು ಅಂದರೆ ಏನು, ಎಷ್ಟು ಆಳ, ಗಾಳಿ ಹೇಗೆ ಕೆಡುತ್ತದೆ, ದೀಪ ಎಷ್ಟು ಹೊತ್ತು ಸುಳ್ಳು ಹೇಳುತ್ತದೆ, ಎಲ್ಲ ಮೊದಲಿಂದ ಹೇಳಿದೆ. ಹಗ್ಗ ಹಿಡಿಯುವವಳು ಯಾರು, ಅವಳ ಅಂಗೈ ಹೇಗೆ ಸುಲಿದಿದೆ ಎಂದೂ ಹೇಳಿದೆ. ಮುಂದಿನ ವಾರ ಮನಗೂಳಿಯಲ್ಲಿ ಒಂದು ಇದೆ, ಬಾಯಿ ಬಹಳ ಇಕ್ಕಟ್ಟು ಎಂದೆ. ಒಲೆಯ ಮುಂದಿಂದ ಸೊಸೆ ಕೇಳಿದಳು.

"ಅತ್ತಿ, ಯಾರ ಜೋಡಿ ಮಾತಾಡಾಕತ್ತೀರಿ?"

"ನೀ ರೊಟ್ಟಿ ಬಡಿ," ಎಂದು ಹೇಳಿ, ಮಧ್ಯಾಹ್ನದ ರೊಟ್ಟಿಯ ಸಂಗತಿ ಉಳಿದಿತ್ತು, ಅದನ್ನೂ ಅವನಿಗೆ ಹೇಳಿದೆ.